ಸಹಿ ನೋಡಿದ್ದು ಸಾಕು, ಅಡಿಯ ಸಾಲು ಓದಿ

ಪ್ರಶ್ನೆ: ನಮ್ಮ ದೊಡ್ಡಪ್ಪ 1960ರ ದಶಕದಲ್ಲಿ ಪ್ಯಾರಿಸ್ಸಿನಿಂದ ತಂದ, ಮಾರ್ಕ್ ಶಗಾಲ್ ಚಿತ್ರಪ್ರದರ್ಶನದ ಪೋಸ್ಟರ್ ಮನೆಯಲ್ಲಿದೆ. ಚಿತ್ರದೊಳಗೆ ಶಗಾಲ್ ಸಹಿಯಿದೆ. ಅಡಿಯಲ್ಲಿ ಸಣ್ಣಕ್ಷರದಲ್ಲಿ ಮೂರ್ಲೊ, ಸೋರ್ಲಿಯೆ ಎಂಬ ಹೆಸರುಗಳಿವೆ. ಇದು ಅಸಲಿಯೇ? ಅಂಚು ಹಳದಿಯಾಗಿದೆ, ಲ್ಯಾಮಿನೇಷನ್ ಮಾಡಿಸಲೇ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಲ್ಯಾಮಿನೇಷನ್ ಖಂಡಿತ ಬೇಡ. ಬಿಸಿ ಪ್ಲಾಸ್ಟಿಕ್ ಅಂಟಿದ ಕಾಗದವನ್ನು ಹಾನಿಯಿಲ್ಲದೆ ಬಿಡಿಸುವುದು ಬಹಳ ಕಷ್ಟ.

ಮೂರ್ಲೊ ಪ್ಯಾರಿಸ್ಸಿನ ಹೆಸರಾಂತ ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಅಚ್ಚೊತ್ತುವ ಲಿಥೋಗ್ರಫಿ) ಮುದ್ರಣಾಲಯ. 1945ರಲ್ಲಿ ಪಿಕಾಸೊ ಅಲ್ಲಿ ಕಲ್ಲಿನ ಮೇಲೆ ಚಿತ್ರ ಬರೆಯತೊಡಗಿದರು. ಮತೀಸ್, ಮಿರೊ, ಶಗಾಲ್ ಕೂಡ ಅಲ್ಲಿ ಕೆಲಸ ಮಾಡಿದವರೇ. ಶಾರ್ಲ್ ಸೋರ್ಲಿಯೆ ಆ ಮುದ್ರಣಾಲಯದ ಕುಶಲಕರ್ಮಿ. ಶಗಾಲರ ಚಿತ್ರವನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿ, ಒಂದೊಂದನ್ನೂ ಕೈಯಿಂದಲೇ ಅಚ್ಚಿಗೆ ಇಳಿಸುತ್ತಿದ್ದರು. ಹಾಗಾಗಿ ಅವರ ಹೆಸರಿರುವ ಪೋಸ್ಟರ್ ಶಗಾಲರು ತಾವೇ ಕಲ್ಲಿನ ಮೇಲೆ ಬರೆದದ್ದಲ್ಲ, ಅವರ ಚಿತ್ರವನ್ನು ಆಧರಿಸಿ ಸೋರ್ಲಿಯೆ ಸಿದ್ಧಪಡಿಸಿದ್ದು. ನಕಲಿಯಂತೂ ಅಲ್ಲ. ಮಾರುಕಟ್ಟೆ ಇಂಥದ್ದಕ್ಕೆ ಕಡಿಮೆ ಬೆಲೆ ಕಟ್ಟುತ್ತದೆ; ನನಗೆ ಮಾತ್ರ ಆ ಕೈಗಳ ಮೇಲೆ ಅಪಾರ ಗೌರವ. ಚಿತ್ರದೊಳಗಿನ ಸಹಿ ಎಲ್ಲ ಪ್ರತಿಗಳಲ್ಲೂ ಅಚ್ಚಾಗಿರುತ್ತದೆ. ಅಂಚಿನಲ್ಲಿ ಪೆನ್ಸಿಲಿನಿಂದ ಹಾಕಿದ ಸಹಿಯಿದ್ದರೆ ಮಾತು ಬೇರೆ.

ಇಷ್ಟಾದರೂ ಮೂರ್ಲೊ ಹೆಸರೊಂದನ್ನೇ ನಂಬಬೇಡಿ. ಹಳೆಯ ಪೋಸ್ಟರನ್ನು ಆ ಸಾಲು ಸಮೇತ ಫೋಟೊ ತೆಗೆದು ಆಫ್‌ಸೆಟ್‌ನಲ್ಲಿ, ಅಂದರೆ ಈಗಿನ ಯಂತ್ರಮುದ್ರಣದಲ್ಲಿ, ಮತ್ತೆ ಅಚ್ಚು ಹಾಕುವುದುಂಟು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ನೋಡಿ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಅಚ್ಚುಕಟ್ಟಾಗಿ ಜಾಲ ಕಟ್ಟಿದ್ದರೆ ಅದು ಆಫ್‌ಸೆಟ್. ಕಲ್ಲಚ್ಚಾದರೆ ಬಣ್ಣ ತುಂಬಿಕೊಂಡಿರುತ್ತದೆ, ಇಲ್ಲವೇ ಜಿಡ್ಡಿನ ಬಳಪ ಒರಟು ಕಲ್ಲಿನ ಮೇಲೆ ಹಾಯ್ದ ಗುರುತು ಅಡ್ಡಾದಿಡ್ಡಿಯಾಗಿ ಕಾಣುತ್ತದೆ. ರವಿವರ್ಮ ಪ್ರೆಸ್ಸಿನ ಹಳೆಯ ದೇವರ ಪಟ ನೆಂಟರ ಮನೆಯಲ್ಲಿದ್ದರೆ ಅದರಲ್ಲಿ ಕಣ್ಣು ಪಳಗಿಸಿಕೊಳ್ಳಿ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಆ ಪ್ರೆಸ್ಸಿನದೂ ಕಲ್ಲಚ್ಚೇ. ಅಲ್ಲೂ ಚುಕ್ಕೆಗಳಿರುತ್ತವೆ, ಆದರೆ ಕೈಯಿಂದ ಇಟ್ಟವು, ಒಂದರಂತೆ ಇನ್ನೊಂದಿರುವುದಿಲ್ಲ. ಅನುಮಾನ ಉಳಿದರೆ ನಿಮ್ಮೂರಿನ ಕಾವಾ ದೃಶ್ಯಕಲಾ ಕಾಲೇಜಿನ ಗ್ರಾಫಿಕ್ಸ್ (ಅಚ್ಚುಕಲೆ) ವಿಭಾಗದವರನ್ನು ಕೇಳಿ ನೋಡಿ.

ಹಳದಿ ಬಣ್ಣಕ್ಕೆ ಕಾಗದದಲ್ಲಿನ ಆಮ್ಲವೂ ಬೆಳಕೂ ಕಾರಣ. ಫ್ರೇಮ್ ಅಂಗಡಿಯವರು ಅಂಚು ಕತ್ತರಿಸಿ ನೇರ ಮಾಡುತ್ತೇವೆಂದರೆ ಒಪ್ಪಬೇಡಿ, ಮುದ್ರಕರ ಹೆಸರು ಇರುವುದೇ ಅಲ್ಲಿ. ಹಿಂದೆ ಪ್ಲೈವುಡ್ ಬೇಡ, ಗೋಂದು, ಸೆಲ್ಲೊಟೇಪು ಬೇಡವೇ ಬೇಡ. ಆಮ್ಲರಹಿತ ರಟ್ಟು ಕೇಳಿ. ಪೋಸ್ಟರ್ ಗಾಜಿಗೆ ತಾಗದಂತೆ ನಡುವೆ ರಟ್ಟಿನ ಅಂಚು ಕಟ್ಟಿಸಿ. ನೇರಳಾತೀತ ಕಿರಣ ತಡೆಯುವ ಗಾಜು ದುಬಾರಿ, ಆದರೂ ಹಾಕಿಸಿ. ಬಿಸಿಲು ಬೀಳುವ ಗೋಡೆಗೂ ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಗೂ ತೂಗುಹಾಕಬೇಡಿ.