ಬ್ರೈಡಲ್ ಶವರ್‌ಗೆ ಬಂದವರು ತೆಗೆದ ಫೋಟೋಗಳನ್ನು ವಾಟ್ಸಾಪ್ ಗ್ರೂಪ್‌ನಲ್ಲಿ ಸೇರಿಸಿದರೆ ಸಾಕಾಗಲ್ವಾ?

ಸುಮ್ನೆ ನೋಡೋಕೆ ಸಾಕು. ಆಲ್ಬಮ್ ಪ್ರಿಂಟ್ ಹಾಕಿಸುವ ಆಸೆ ಇದ್ದರೆ ಸಾಲದು. ಗೂಗಲ್ ಫೋಟೋಸ್‌ನಲ್ಲಿ ಒಂದು ಹಂಚಿಕೆಯ ಆಲ್ಬಮ್ ಮಾಡಿ, ಅದರ ಲಿಂಕ್ ಕೊಡಿ.

ಕಾರಣ ಇಷ್ಟೇ. ವಾಟ್ಸಾಪ್ ಬೇಗ ಕಳಿಸಲಿ ಅಂತ ಫೋಟೋವನ್ನು ಕುಗ್ಗಿಸುತ್ತದೆ, ಅಂದರೆ ಅದರೊಳಗಿನ ಚುಕ್ಕಿಗಳನ್ನು (ಪಿಕ್ಸೆಲ್) ಕಡಿಮೆ ಮಾಡುತ್ತದೆ. 12 ಮೆಗಾಪಿಕ್ಸೆಲ್ ಫೋಟೋದ ಉದ್ದನೆಯ ಬದಿಯಲ್ಲಿ ಸುಮಾರು 4000 ಚುಕ್ಕಿ ಇರುತ್ತವೆ. ಇಂಚಿಗೆ 300 ಚುಕ್ಕಿಯಂತೆ 12 ಇಂಚಿನ ಪ್ರಿಂಟ್‌ಗೆ 3600 ಬೇಕು. ಕುಗ್ಗಿದ ಫೋಟೋದಲ್ಲಿ ಅಷ್ಟು ಉಳಿದಿರುವುದಿಲ್ಲ. ಮೊಬೈಲ್‌ನಲ್ಲಿ ಚೆನ್ನಾಗಿ ಕಂಡ ಮುಖ ಕಾಗದದ ಮೇಲೆ ಮಸುಕಾಗುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಸ್ವಲ್ಪ ವಾಸಿ, ಆದರೆ ಅದನ್ನು ಒತ್ತುವ ನೆನಪು ಯಾರಿಗಿರುತ್ತೆ! ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೋಟೋ ಹಾಗೇ ಬರುತ್ತದೆ. ಅತ್ತೆ, ಚಿಕ್ಕಮ್ಮಂದಿರಿಗೆಲ್ಲ ಇದನ್ನು ಹೇಳಿಕೊಡುವಷ್ಟರಲ್ಲಿ ಮದುವೆಯೇ ಮುಗಿದಿರುತ್ತದೆ.

ಆಲ್ಬಮ್ ಲಿಂಕನ್ನು ಕ್ಯೂಆರ್ ಕೋಡ್ ಮಾಡಿ ಊಟದ ಟೇಬಲ್ ಮೇಲೆ ಇಡಿ. ಯುಪಿಐ ಸ್ಕ್ಯಾನ್ ಮಾಡಿ ಎಲ್ಲರಿಗೂ ಅಭ್ಯಾಸ ಇದೆಯಲ್ಲ. ಫೋಟೋ ಸೇರಿಸಲು ಗೂಗಲ್ ಖಾತೆ ಬೇಕು, ಐಫೋನ್‌ನಲ್ಲೂ ಆಗುತ್ತದೆ. ಮನೆಗೆ ಹೋದ ಮೇಲೆ ಮರೆತುಬಿಡುತ್ತಾರೆ, ಹಾಗಾಗಿ ಅಲ್ಲೇ ಹಾಕಿಸಿಕೊಳ್ಳಿ.

ಒಂದು ಎಚ್ಚರ: ಆಲ್ಬಮ್‌ಗೆ ಬಂದ ಫೋಟೋಗಳನ್ನು ನಿಮ್ಮ ಖಾತೆಗೂ ಸೇವ್ ಮಾಡಿಕೊಳ್ಳಿ. ಹಾಕಿದವರು ತಮ್ಮ ಫೋಟೋ ಅಳಿಸಿದರೆ ಆಲ್ಬಮ್‌ನಿಂದಲೂ ಹೋಗುತ್ತದೆ. ಸೇವ್ ಮಾಡಿದ್ದು ನಿಮ್ಮ ಉಚಿತ 15 ಜಿಬಿ ಜಾಗದಲ್ಲಿ ಲೆಕ್ಕಕ್ಕೆ ಬರುತ್ತದೆ, ಮೊದಲೇ ನೋಡಿಕೊಳ್ಳಿ.