ಪೋಷಕರು ಕೊಟ್ಟ ಉಡುಗೊರೆಯನ್ನು ಟೀಚರ್ ಇಟ್ಟುಕೊಳ್ಳಬಹುದಾ?

ಉಡುಪಿಯ ಅನುದಾನಿತ ಹೈಸ್ಕೂಲಿಗೆ ನೀವು ಹೊಸದಾಗಿ ಸೇರಿದ್ದೀರಿ. ಹತ್ತನೇ ಕ್ಲಾಸಿನ ಹುಡುಗನ ತಂದೆ ದುಬೈಯಿಂದ ಬಂದವರು ಸೆಂಟು, ಡ್ರೈಫ್ರೂಟ್ಸ್ ಇರುವ ಚೀಲ ಮೇಜಿನ ಮೇಲಿಟ್ಟು ಹೋಗಿದ್ದಾರೆ. ಮನೆ ಒಕ್ಕಲಿಗೂ (ಗೃಹಪ್ರವೇಶಕ್ಕೂ) ಕರೆದಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ಚೀಲ ವಾಪಸ್ ಕೊಡಿ. ಒಕ್ಕಲಿಗೆ ಹೋಗಿ ಊಟ ಮಾಡಿ ಬನ್ನಿ.

ನಾನು ಮಂಗಳೂರಿನ ಒಂದು ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್. ಹೊಸ ಟೀಚರುಗಳು ಮೊದಲು ಕೇಳುವುದು "ಎಷ್ಟು ರೂಪಾಯಿವರೆಗೆ ಪರವಾಗಿಲ್ಲ ಮೇಡಂ?" ಅಂತ. ನಾನು ಬೆಲೆ ನೋಡುವುದಿಲ್ಲ. ಸೀಸನ್‌ನಲ್ಲಿ ಶಂಕರಪುರ ಮಲ್ಲಿಗೆ ಅಟ್ಟೆಗೆ (ಕಟ್ಟಿದ ಹೂವನ್ನು ಮಾರುವ ಅಳತೆ) ಸಾವಿರ ರೂಪಾಯಿ ದಾಟುತ್ತದೆ. ಆದರೂ ಮನೆಯಂಗಳದಲ್ಲಿ ಬೆಳೆದ ಹೂವನ್ನು ಒಬ್ಬಳು ಅಜ್ಜಿ ಶಿಕ್ಷಕರ ದಿನಕ್ಕೆ ಬಾಳೆನಾರಿನಲ್ಲಿ ಕಟ್ಟಿ ಕಳಿಸಿದರೆ ಬೇಡ ಅನ್ನಬೇಡಿ. ಎಲ್ಲರೆದುರು ಮುಡಿದುಕೊಳ್ಳಿ. ಕೊಟ್ಟವರ ಕೆಲಸ ನಿಮ್ಮ ಕೈಯಲ್ಲಿ ಇದೆಯಾ, ಸ್ಟಾಫ್‌ರೂಮಿನಲ್ಲಿ ಎಲ್ಲರ ಮುಂದೆ ತೆಗೆದುಕೊಳ್ಳಲು ಆಗುತ್ತದಾ, ಇಷ್ಟೇ ನೋಡಬೇಕಾದದ್ದು. ಎಸ್‌ಎಸ್‌ಎಲ್‌ಸಿಯ ಹೆಚ್ಚಿನ ವಿಷಯಗಳಲ್ಲಿ 100ರಲ್ಲಿ 20 ಅಂಕ ಶಾಲೆಯೇ ಕೊಡುವ ಆಂತರಿಕ ಅಂಕ. ಆ ಹುಡುಗನಿಗೆ ನೀವು ನ್ಯಾಯವಾಗಿಯೇ 20 ಕೊಟ್ಟರೂ, ಚೀಲ ನೋಡಿದ ಪಕ್ಕದ ಬೆಂಚಿನ ಮಗು ನಂಬುವುದಿಲ್ಲ. ನನಗೆ ತುಂಬಾ ನೋವು ಕೊಡುವುದು ಅದೇ.

ಕಾನೂನೂ ತಿಳಿದಿರಲಿ. ಸರ್ಕಾರದ ಹಣ ಪಡೆಯುವ ಶಾಲೆಯ ಸಿಬ್ಬಂದಿಯೂ 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಸಾರ್ವಜನಿಕ ನೌಕರರೇ. ಅಂಕಕ್ಕಾಗಿ ಏನಾದರೂ ಪಡೆದದ್ದು ಸಾಬೀತಾದರೆ ಕನಿಷ್ಠ 3 ವರ್ಷ ಜೈಲು. 2018ರ ತಿದ್ದುಪಡಿಯ ನಂತರ ಕೊಟ್ಟವರೂ ಸಿಕ್ಕಿಬೀಳುತ್ತಾರೆ. ಹಾಗಂತ ಊಟಕ್ಕೆ ಹೆದರಬೇಡಿ. ಸರ್ಕಾರಿ ನೌಕರರ ನಡತೆ ನಿಯಮಗಳೇ ಅಪರೂಪದ ಊಟವನ್ನು, ದಾರಿಯಲ್ಲಿ ಸಿಕ್ಕ ಲಿಫ್ಟನ್ನು ಉಡುಗೊರೆ ಅನ್ನುವುದಿಲ್ಲ. ಕೆಲಸದ ಸಂಬಂಧ ಇರುವವರ ಕೈಯಿಂದ ಪದೇಪದೇ, ಅದ್ದೂರಿಯಾಗಿ ಉಪಚಾರ ಮಾಡಿಸಿಕೊಳ್ಳುವುದು ಬೇಡ ಅನ್ನುತ್ತವೆ. ಒಕ್ಕಲು, ಮದುವೆ, ದೈವದ ನೇಮಕ್ಕೆ ಊರವರೆಲ್ಲ ಹೋಗುತ್ತಾರೆ, ನೀವೂ ಹೋಗಿ. ಅದೇ ತಂದೆ ನಿಮ್ಮೊಬ್ಬರನ್ನೇ ದೊಡ್ಡ ಹೋಟೆಲಿಗೆ ಕರೆದರೆ ಬೇಡ.

ಪೋಷಕರಿಗಿಂತ ವ್ಯಾಪಾರದವರ ಬಗ್ಗೆ ಜಾಸ್ತಿ ಎಚ್ಚರ ಬೇಕು. ಪ್ರವಾಸದ ಬಸ್ಸಿನವರು "ನಿಮ್ಮ ಫ್ಯಾಮಿಲಿಗೆ ಫ್ರೀ ಮೇಡಂ" ಅಂದರೆ, ಆ ಸೀಟಿನ ದುಡ್ಡು ಮಕ್ಕಳ ತಲೆಗೇ ಬೀಳುತ್ತದೆ ಅಲ್ವಾ? ಯೂನಿಫಾರ್ಮ್, ನೋಟ್‌ಬುಕ್‌ನವರದ್ದೂ ಇದೇ ಕತೆ.

ಇನ್ನು ಚೀಲದ ವಿಷಯ. ಮೊದಲು ನಿಮ್ಮ ಹೆಡ್‌ಮಾಸ್ಟರಿಗೆ ಹೇಳಿ, ಒಂದು ಸಾಲು ಬರೆದೂ ಕೊಡಿ. ಆಮೇಲೆ ತಂದೆಗೆ ಫೋನ್ ಮಾಡಿ: "ನಿಮ್ಮ ಪ್ರೀತಿ ಮುಟ್ಟಿತು, ಶಾಲೆಯಲ್ಲಿ ನಾವ್ಯಾರೂ ತೆಗೆದುಕೊಳ್ಳುವುದಿಲ್ಲ, ಬಂದು ತೆಗೆದುಕೊಂಡು ಹೋಗಿ." ಲೈಬ್ರರಿಗೆ ಪುಸ್ತಕ ಕೊಡುತ್ತೇನೆ ಅಂದರೆ ಶಾಲೆಯ ಹೆಸರಲ್ಲಿ ರಶೀದಿ ಕೊಡಿಸಿ, ಅದೂ ರಿಸಲ್ಟ್ ಬಂದ ಮೇಲೆ. ಹುಡುಗನ ಕೈಯಲ್ಲಿ ಮಾತ್ರ ಚೀಲ ವಾಪಸ್ ಕಳಿಸಬೇಡಿ. ಇಡೀ ಕ್ಲಾಸಿನ ಮುಂದೆ ಅದನ್ನು ಹೊತ್ತುಕೊಂಡು ಹೋಗುವಂಥ ತಪ್ಪು ಅವನೇನೂ ಮಾಡಿಲ್ಲ.