ನೋವು ಸೊಂಟದ್ದು, ಜೋಮು ಹೆಬ್ಬೆರಳಿಗೆ

ಪ್ರಶ್ನೆ: ವಯಸ್ಸು 46. ಮಾಟುಂಗಾದ ಹೋಟೆಲಿನಲ್ಲಿ ಕೆಲಸ. ಹಿಟ್ಟಿನ ಪಾತ್ರೆ ಎತ್ತುವಾಗ ಸೊಂಟ ಹಿಡಿದುಕೊಂಡು ಮೂರು ವಾರವಾಯಿತು. ಈಗ ಬಲಗಾಲಿನ ನೋವೇ ಜಾಸ್ತಿ, ಹೆಬ್ಬೆರಳು ಜೋಮು. ಎಂಆರ್‌ಐನಲ್ಲಿ ‘ಎಲ್‌4-ಎಲ್‌5 ಡಿಸ್ಕ್ ಉಬ್ಬಿ ಎಲ್‌5 ನರ ಒತ್ತಿದೆ’ ಎಂದಿದೆ. ಕಾಲಿಗೇನೂ ಪೆಟ್ಟಾಗಿಲ್ಲವಲ್ಲ? ಜಾರಿದ ಡಿಸ್ಕನ್ನು ತಿಕ್ಕಿ ಕೂರಿಸಬಹುದೇ?
– ಓದುಗರು, ಡೊಂಬಿವಲಿ

ಉತ್ತರ: ತೊಂದರೆ ಇರುವುದು ಕಾಲಿನಲ್ಲಲ್ಲ, ಕಾಲಿಗೆ ಹೋಗುವ ನರದ ಬುಡದಲ್ಲಿ. ಡಿಸ್ಕ್ ಎಂದರೆ ಎರಡು ಮೂಳೆಮಣಿಗಳ ನಡುವಿನ ಮೆತ್ತೆ. ಒಳಗೆ ಲೋಳೆಯಂಥ ತಿರುಳು, ಸುತ್ತ ಈರುಳ್ಳಿ ಪದರಗಳಂತೆ ಗಟ್ಟಿ ನಾರು. ಮೇಲೂ ಕೆಳಗೂ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದು ಕೇರಂ ಬಿಲ್ಲೆಯ ಹಾಗೆ ಜಾರುವುದಿಲ್ಲ. ಬಗ್ಗಿ, ಮೈ ತಿರುಚಿ ಭಾರ ಎತ್ತಿದಾಗ ಹಿಂಬದಿಯ ನಾರು ಸೀಳಿ ತಿರುಳು ಆಚೆ ಉಬ್ಬುತ್ತದೆ. ಎಣ್ಣೆ ತಿಕ್ಕಿದರೆ ಸ್ನಾಯು ಸಡಿಲವಾದೀತು, ಅಷ್ಟೆ. ಸೊಂಟ ತಿರುಚಿ ‘ಲಟಕ್’ ಎನಿಸುವವರ ಬಳಿ ಮಾತ್ರ ಹೋಗಬೇಡಿ.

‘ಎಲ್‌’ ಎಂದರೆ ಸೊಂಟದ ಭಾಗ. ಅಲ್ಲಿನ 4-5ನೇ ಮಣಿಗಳ ನಡುವಿನ ಡಿಸ್ಕ್ 5ನೇ ನರವನ್ನೇ ಏಕೆ ಒತ್ತಬೇಕು? 4ನೆಯದು ಆ ಡಿಸ್ಕಿಗಿಂತ ತುಸು ಮೇಲೆಯೇ ಪಕ್ಕದ ಕಿಂಡಿಯಿಂದ ಹೊರಬಿದ್ದಿರುತ್ತದೆ. 5ನೆಯದು ಇನ್ನೊಂದು ಮಣಿ ಕೆಳಗಿಳಿಯಬೇಕು. ಹಾಗಾಗಿ ಡಿಸ್ಕಿನ ಬೆನ್ನಿಗೆ ತಾಗಿಕೊಂಡೇ ಹಾದುಹೋಗುತ್ತದೆ. ಪಾದದ ಮೇಲ್ಭಾಗದ ಸ್ಪರ್ಶ, ಹೆಬ್ಬೆರಳು ಮೇಲೆತ್ತುವ ಬಲ ಎರಡೂ ಅದರ ಪಾಲಿನವು.

ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ಇಟ್ಟು ನೋಡಿ. ಬಲಪಾದದ ಮುಂಭಾಗ ಕೆಳಗೆ ಬೀಳುತ್ತಿದ್ದರೆ ನರ ಸೋಲುತ್ತಿದೆ, ತಡಮಾಡದೆ ತಜ್ಞರಿಗೆ ತೋರಿಸಿ. ಹಾಗಿಲ್ಲವಾದರೆ ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗುವುದು ಒಂದೆರಡು ದಿನ ಸಾಕು, ಆಮೇಲೆ ನಡೆದಾಡಬೇಕು. ಪಾತ್ರೆಯನ್ನು ಇಬ್ಬರು ಎತ್ತಲಿ. ಲೋಕಲ್‌ನಲ್ಲಿ ಮೂವರ ಸೀಟಿಗೆ ನಾಲ್ಕನೆಯವರಾಗಿ ಓರೆಯಾಗಿ ಕೂರುವುದಕ್ಕಿಂತ ಕಂಬಿ ಹಿಡಿದು ನೇರ ನಿಲ್ಲುವುದು ಮೇಲು.

ಮೂತ್ರ ಕಟ್ಟಿದರೆ, ಗುದ-ಜನನಾಂಗದ ಸುತ್ತ ಸ್ಪರ್ಶ ಹೋದರೆ, ಎರಡೂ ಕಾಲು ಸೋತರೆ ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕತ್ತಿನ ಮೂಳೆಮಣಿ 7, ನರ ಮಾತ್ರ 8 ಜೊತೆ. ಅಚ್ಚಿನ ತಪ್ಪೇ?
– ನರ್ಸಿಂಗ್ ವಿದ್ಯಾರ್ಥಿನಿ, ಪುಣೆ

ಉತ್ತರ: ತಪ್ಪಲ್ಲ. ಮೊದಲ ಜೊತೆ ತಲೆಬುರುಡೆಗೂ ಮೊದಲ ಮಣಿಗೂ ನಡುವೆ ಹೊರಡುತ್ತದೆ, ಅಂದರೆ ಮಣಿಯ ಮೇಲಿನಿಂದ. 7ನೆಯದರವರೆಗೂ ಹೀಗೆಯೇ. 7ನೇ ಮಣಿಯ ಕೆಳಗೂ ಒಂದು ಜೊತೆ ಹೊರಡುವುದರಿಂದ ಅದಕ್ಕೆ 8 ಎಂಬ ಸಂಖ್ಯೆ. ಅಲ್ಲಿಂದಾಚೆ ಪ್ರತಿ ನರವೂ ತನ್ನದೇ ಸಂಖ್ಯೆಯ ಮಣಿಯ ಕೆಳಗಿನಿಂದ ಹೊರಬೀಳುತ್ತದೆ. ಒಟ್ಟು 31 ಜೊತೆ.